ಮಿರಗದ ಅರಿವೆ

ಅಂಗಡಿಯವನು ಮಾದರಪಾಟದ, ಅಂದರೆ ಒರಟು ಬಿಳಿ ಹತ್ತಿ ಬಟ್ಟೆಯ, ಥಾನು ಬಿಚ್ಚಿ ಹರವಿದರೆ ಸಾಕು, ಗಂಜಿಯ ವಾಸನೆ ಎದ್ದು ಬರುತ್ತದೆ. ಹಸಿ ಹಿಟ್ಟು, ಹತ್ತಿಯ ಧೂಳು, ಎಲ್ಲೋ ಒಂದಿಷ್ಟು ಮಗ್ಗದ ಎಣ್ಣೆ ಕೂಡಿದ ವಾಸನೆ ಅದು. ಮೊನ್ನೆ ಜೊತೆಗಿದ್ದ ಸೊಸೆ ಮೂಗು ಮುರಿದು, "ತೊಳದ ಮ್ಯಾಲ ಹೋಗತೈತಿ ಅಲ್ರಿ ಅತ್ತಿ?" ಎಂದಳು. ಹೋಗುತ್ತದೆ ಎಂದೆ. ತೊಳೆದರೆ ಏನೇನು ಹೋಗುತ್ತದೆ ಎಂಬುದು ನನಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು! ಆ ಪಾಠವನ್ನು ನಾನು ಅರವತ್ತರ ದಶಕದಲ್ಲಿ, ಎಂಟೊಂಬತ್ತು ವರ್ಷದವಳಿದ್ದಾಗ, ಮರಾಠಿ ಸೀಮೆಯ ಇಚಲಕರಂಜಿಯ ನಮ್ಮ ಮನೆಯ ಬಚ್ಚಲಲ್ಲಿ ಕಲಿತೆ.

ಮನೆ ಎಂದರೆ ಮಗ್ಗದ ಶೆಡ್ಡಿನ ಬೆನ್ನಿಗೆ ಅಂಟಿಕೊಂಡ ಎರಡು ಖೋಲಿ. ಶೆಡ್ಡಿನಲ್ಲಿ ಅಪ್ಪ ಮಾಲಕನ ಕರೆಂಟಿನ ಮಗ್ಗ ನಡೆಸುತ್ತಿದ್ದ. ಮಗ್ಗ ಓಡುವಾಗ ನಮ್ಮ ಗೋಡೆ ಸಣ್ಣಗೆ ನಡುಗುತ್ತಿತ್ತು, ಮಾಡದಲ್ಲಿಟ್ಟ ತಾಟುಗಳು ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದವು. ಕರೆಂಟು ಹೋಗಿ ಎಲ್ಲ ನಿಂತಾಗಲೇ ನಮಗೆ ಗಾಬರಿ. ಆ ಸದ್ದಿನ ನಡುವೆ ಹೊಸ್ತಿಲ ಬಳಿ ಅಜ್ಜ ಕೂತಿರುತ್ತಿದ್ದ. ರಬಕವಿಯ ಕಡೆ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದವನು. ಅಲ್ಲಿ ಕೆಲಸ ನಿಂತಮೇಲೆ ಮಗನ ಹಿಂದೆ ಬಂದ. ಇಲ್ಲಿಯೋ, ಊರಿಗೆ ಊರೇ ಬರೀ ಬಿಳಿ ಬಟ್ಟೆ ನೇಯುತ್ತಿತ್ತು. "ಬಿಳಿ ಅರಿವಿ ಊರಾಗ ಬಣ್ಣಗಾರಗ ಏನ ಕೆಲಸಪಾ?" ಎಂದು ನಗುತ್ತಿದ್ದ. ನಕ್ಕರೂ ಅವನಿಗೆ ಅದು ಸಣ್ಣ ದುಃಖವಾಗಿರಲಿಲ್ಲ. ಅವನ ಉಗುರುಗಳಲ್ಲಿ ಮಾತ್ರ ಹಳೆಯ ನೀಲಿ ಹಾಗೇ ಕೂತಿತ್ತು.

ಅಪ್ಪ ಆಗೀಗ ತರುತ್ತಿದ್ದ ತುಂಡು ಬಟ್ಟೆಗಳ ಮೇಲೆ ಅಜ್ಜ ಮೂರು ಚಿತ್ರ ಮಾಡಿದ: ಬೇಸಿಗೆ, ಮಳೆ, ಚಳಿ. ಚಿತ್ರ ಎಂದೆನಲ್ಲ, ಅವುಗಳಲ್ಲಿ ಗಿಡವಿರಲಿಲ್ಲ, ಎತ್ತು ಇರಲಿಲ್ಲ, ಮನುಷ್ಯರಂತೂ ಇಲ್ಲವೇ ಇಲ್ಲ. ಬರೀ ಬಣ್ಣ. ಮಳೆಯ ಅರಿವೆಯನ್ನು ಅವನು ಮಾಡಿದ್ದು ನನಗೆ ಈಗಲೂ ಕನಸಿನಲ್ಲಿ ಕಂಡಂತೆ ನೆನಪಿದೆ. ಬಟ್ಟೆಯ ಮೂಲೆಯನ್ನು ನೀಲಿಯ ಗಡಿಗೆಯಲ್ಲಿ ಅದ್ದಿ ಎತ್ತಿದರೆ ಅದು ಹಸಿರಾಗಿತ್ತು. ನೋಡನೋಡುತ್ತ, ಗಾಳಿ ತಾಗಿದಂತೆಲ್ಲ, ಹಸಿರು ಒಳಗೊಳಗೇ ನೀಲಿಯಾಗಿ ತಿರುಗಿತು. ನಾನು ಬಾಯಿ ತೆರೆದು ನಿಂತಿದ್ದೆ. ಆಮೇಲೆ ನಡುವೆ ಅರಿಶಿನದ ನೀರು ಚೆಲ್ಲಿದ, ಕೆಳಗೆ ಕೆಮ್ಮಣ್ಣು ಸವರಿದ. ನೀಲಿ ಬಂದು ಹಳದಿಯ ಮೇಲೆ ಬೀಳಲಿದೆ, ಇನ್ನೂ ಬಿದ್ದಿಲ್ಲ, ಆ ಕ್ಷಣ ಅದು. ಪಕ್ಕದ ಮನೆಯ ಮರಾಠಿ ಹೆಂಗಸು ಇಣುಕಿ, "ಆಜೋಬಾ, ಹೆ ಕಾಯ್ ಕಾಢಲಂಯ್?" ಎಂದು ಕೇಳಿದಳು, ಇದೇನು ಬರೆದಿದ್ದೀರಿ ಅಂತ. ಅಜ್ಜ "ಪಾವಸ್" ಎಂದ. ಅವಳು ಮಳೆಯನ್ನು ಹುಡುಕಿ ಹುಡುಕಿ ಸೋತು ಹೋದಳು. ಅವ್ವನಿಗೆ ಮಾತ್ರ ಯಾರೂ ಹೇಳಬೇಕಾಗಲಿಲ್ಲ. ಗಡಹಿಂಗ್ಲಜದ ಒಕ್ಕಲುತನದ ಮನೆಯ ಮಗಳು ಅವಳು. "ನಮ್ಮ ಹೊಲದಾಗ ಮಳಿ ಬರೂಮುಂದ ಹಿಂಗ ಕಾಣತಿತ್ರಿ ಮಾವಾರ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೂರು ಅರಿವೆ, ಗೋಡೆಗೆ ಒಂದೇ ಮೊಳೆ. ಯುಗಾದಿಗೆ ಬೇಸಿಗೆ ಏರುತ್ತಿತ್ತು, ಜೂನಿನಲ್ಲಿ ಮಿರಗದ, ಅಂದರೆ ಮೃಗಶಿರಾ, ಮಳೆ ಕೂಡುವ ದಿನ ಅದನ್ನಿಳಿಸಿ ಮಳೆ, ದೀಪಾವಳಿಗೆ ಚಳಿ. ನಮಗೆ ಹೊಲವಿಲ್ಲದಿದ್ದರೂ ಕಾಲ ಬದಲಾಗಿದ್ದು ಮೊದಲು ನಮ್ಮ ಗೋಡೆಗೇ ಗೊತ್ತಾಗುತ್ತಿತ್ತು. ಅಪ್ಪನಿಗೆ ಇದೆಲ್ಲ ಸರಿಬರುತ್ತಿರಲಿಲ್ಲ. ಬಟ್ಟೆಯ ಮೇಲೆ ಬಣ್ಣ ಕಂಡರೆ ಅವನ ಕಣ್ಣಿಗೆ ಅದು ಡಾಗು, ಅಂದರೆ ಕಲೆ. "ಮಂದಿ ಮನ್ಯಾಗ ದೇವರ ಫೋಟೋ ಹಾಕತಾರ, ನಮ್ಮಪ್ಪ ಡಾಗ ಹಾಕ್ಯಾನ," ಎಂದು ಗೊಣಗುತ್ತಿದ್ದ. ಡಾಗು ಎಂದರೆ ನಮ್ಮ ಬೀದಿಗೇ ಜೀವ ಹಾರುತ್ತಿತ್ತು. ನೇಯ್ದ ಬಟ್ಟೆಯ ಮೇಲೆ ಎಣ್ಣೆಯ ಚುಕ್ಕಿ ಬಿದ್ದರೆ ಮಾಲಕ ನೋಡುವುದರೊಳಗೆ ತಿಕ್ಕಿ ತೆಗೆಯಬೇಕು. ಸೋಡಾ ಹಚ್ಚಿ ತಿಕ್ಕುವುದನ್ನು ನಾವು ಹುಡುಗಿಯರು ಅಕ್ಷರಕ್ಕಿಂತ ಮೊದಲು ಕಲಿತಿದ್ದೆವು.

ಅಜ್ಜನ ಕಣ್ಣಿಗೆ ಪೊರೆ ಬಂತು. ಒಂದು ಕಣ್ಣು ಆಗಲೇ ಹೋಗಿತ್ತು, ಉಳಿದದ್ದನ್ನು ಉಳಿಸಲು ಕೊಲ್ಹಾಪುರದ ದವಾಖಾನೆಗೆ ಹೋಗಬೇಕಾಯಿತು. ಹೊರಡುವ ಮುಂಜಾನೆ, ಮಿರಗಕ್ಕೆ ಇನ್ನೂ ದಿನಗಳಿರುವಾಗಲೇ, ಮಳೆಯ ಅರಿವೆಯನ್ನು ತಾನೇ ತಡವಿ ತಡವಿ ಮೊಳೆಗೆ ಹಾಕಿದ. "ಪಟ್ಟಿ ಬಿಚ್ಚಿದ ಮ್ಯಾಲ ಮದಲ ಇದನ್ನ ನೋಡತೇನವಾ. ಬಣ್ಣ ಕಂಡ್ರ ಕಣ್ಣ ಬಂತು ಅಂತ ತಿಳೀತೇನಿ," ಎಂದು ನನಗೆ ಹೇಳಿ, ಅವ್ವನ ಕೈ ಹಿಡಿದು ಬಸ್ಸು ಹತ್ತಿದ.

ಎರಡು ದಿನವಾಗಿರಬೇಕು. ಕರೆಂಟು ಹೋಗಿತ್ತು. ಶೆಡ್ಡಿನಿಂದ ಬಂದ ಅಪ್ಪ ನಾನು ಒಳಗಿರುವುದನ್ನು ನೋಡಲಿಲ್ಲ. ಗೋಡೆಯ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಕೈ ಚಾಚಿ, ಮಲಗಿದ ಕೂಸನ್ನು ಮುಟ್ಟುವ ಹಾಗೆ ಆ ಹಳದಿಯ ಅಂಚನ್ನು ಮುಟ್ಟಿದ. ಅವನು ಹೋದ ಮೇಲೆ ನೋಡಿದರೆ ಅಲ್ಲಿ ಕಪ್ಪು ಹೆಬ್ಬೆಟ್ಟು ಮೂಡಿತ್ತು. ಮಗ್ಗದ ಎಣ್ಣೆ! ಅಜ್ಜ ಕಣ್ಣು ಬಿಟ್ಟು ಮೊದಲು ನೋಡುವುದು ಡಾಗನ್ನೇ? ಅರಿವೆಯನ್ನು ಇಳಿಸಿ ಬಚ್ಚಲಿಗೆ ಒಯ್ದು ಸೋಡಾ ಹಾಕಿ ತಿಕ್ಕಿದೆ. ತಿಕ್ಕಿದಲ್ಲೆಲ್ಲ ಹಳದಿ ಕೆಂಪಾಯಿತು, ನನ್ನ ಕೈಯಲ್ಲೇ ಯಾರೋ ಗಾಯಗೊಂಡಂತೆ. ಹೆದರಿ ನೀರು ಸುರಿದೆ, ಸುರಿದಷ್ಟೂ ಹೋಯಿತು. ಬಿಸಿಲಿಗೆ ಹಾಕಿದೆ, ಉಳಿದದ್ದನ್ನು ಬಿಸಿಲು ತಿಂದಿತು. ಕೆಮ್ಮಣ್ಣೂ ಇರಲಿಲ್ಲ. ಮೂಲೆಯಲ್ಲಿ ನೀಲಿ ಉಳಿದಿತ್ತು. ಮತ್ತೆ ಉಳಿದದ್ದು, ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದೆನೋ ಆ ಹೆಬ್ಬೆಟ್ಟು.

ಮತ್ತೆ ಮೊಳೆಗೆ ಹಾಕಿದ ಅರಿವೆ ಕಂಡು ಅಪ್ಪ ಕೂಗಾಡಿದ. ನಾನು ಬಾಯಿ ಬಿಡಲಿಲ್ಲ. ಯಾಕೆ ತೊಳೆದೆ ಎಂದು ಹೇಳಿದರೆ ಅವನು ಮುಟ್ಟಿದ್ದನ್ನೂ ಹೇಳಬೇಕಾಗುತ್ತಿತ್ತು. ಅದು ಅವನ ಗುಟ್ಟು ಎಂದು ಯಾಕೋ ನನಗೆ ಅನ್ನಿಸಿತ್ತು.

ಮಿರಗದ ಮಳೆ ಹಂಚಿನ ಮೇಲೆ ಸದ್ದು ಮಾಡುತ್ತಿದ್ದ ದಿನ ಅಜ್ಜ ಬಂದ. ಗೋಡೆಯ ಮುಂದೆ ಕೂತು ಕಣ್ಣ ಪಟ್ಟಿ ಬಿಚ್ಚಿಸಿಕೊಂಡ. ಬಹಳ ಹೊತ್ತು ನೋಡಿದ. ಕೈ ಚಾಚಿ ಅರಿವೆಯ ಅಂಚನ್ನು ಎರಡು ಬೆರಳಲ್ಲಿ ಹೊಸೆದ. ತೊಳೆಯದ ಬಟ್ಟೆ ಗಂಜಿಯಿಂದ ಗರಿಗರಿಯಾಗಿರುತ್ತದೆ, ಇದು ಮೆತ್ತಗಾಗಿತ್ತು. ಬಣ್ಣಗಾರನ ಬೆರಳಿಗೆ ಅಷ್ಟು ಸಾಕು.

"ಏನ ಕಾಣತೈತಿ ಹೇಳವಾ. ನನಗ ಬರೀ ಮಂಜ," ಎಂದ.

"ಮೂಲ್ಯಾಗ ನೀಲಿ ಐತಿ ಅಜ್ಜಾ. ಹಳದಿ... ಹಳದಿ ಹೋಗೇತಿ," ಎಂದು ಬಿಕ್ಕಿದೆ.

ಅವನು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡ. "ಅಳತಾರೇನ ಹುಚ್ಚಿ? ನಾ ಮಳಿ ಬರೂಕಿಂತ ಮದಲ ಮಾಡಿದ್ದೆ. ನೀ ಮಳಿ ಸುರಿಸಿಬಿಟ್ಟಿ. ಮಳಿ ಬಂದ ಮ್ಯಾಲ ಬಿಸಲ ಎಲ್ಲಿರತೈತಿ?"

ಮಂಜು ಸರಿಯಲೇ ಇಲ್ಲ. ಅಜ್ಜ ಮತ್ತೆ ಬಣ್ಣ ಮುಟ್ಟಲಿಲ್ಲ. ಅವನ ಕಣ್ಣು ಹೋದದ್ದು ನನ್ನಿಂದಲ್ಲ ಎಂದು ಬುದ್ಧಿಗೆ ಗೊತ್ತು, ಆದರೂ ಅವನು ಕಾದಿದ್ದ ಹಳದಿಯನ್ನು ತೊಳೆದವಳು ನಾನೇ. ಮುಂದೆ ಪ್ರತಿ ಮಿರಗಕ್ಕೆ "ಮಳಿ ಹಾಕವಾ" ಎನ್ನುತ್ತಿದ್ದ, ನಾನು ಹಾಕುತ್ತಿದ್ದೆ. ಕೆಲವು ವರ್ಷಗಳ ಮೇಲೆ ಒಂದು ಬೇಸಿಗೆಯಲ್ಲಿ ಅವನು ಹೋದ. ಮಣ್ಣು ಮಾಡಿ ಬಂದ ಅಪ್ಪ ಬೇಸಿಗೆಯನ್ನು ಇಳಿಸಿ ಮಳೆಯನ್ನು ಮೊಳೆಗೆ ಹಾಕಿದ. ಹಾಕಿದವನು ಹಾಗೇ ನಿಂತ. ಹೆಬ್ಬೆಟ್ಟಿನ ಗುರುತಿನ ಮೇಲೆ ತನ್ನ ಹೆಬ್ಬೆಟ್ಟನ್ನಿಟ್ಟು ನೋಡಿದ. ಸರಿಯಾಗಿ ಕೂತಿತು.

"ಇದನ್ನ ತಗಿಯಾಕ ತೊಳದಿದ್ದಿಯೇನ?" ಎಂದು ನನ್ನ ಕಡೆ ತಿರುಗದೇ ಕೇಳಿದ.

"ಹೂಂ ಅಪ್ಪಾ," ಎಂದೆ. ಅವನು ಗೋಡೆಗೆ ಹಣೆ ಹಚ್ಚಿ ಅತ್ತ.

ಆ ಶೆಡ್ಡು ಈಗಿಲ್ಲ, ಖೋಲಿಗಳಿಲ್ಲ. ಬೇಸಿಗೆ ಮತ್ತು ಚಳಿಯ ಅರಿವೆಗಳು ಮನೆ ಬದಲಿಸುವಾಗ ಎಲ್ಲಿ ಹೋದವೋ ತಿಳಿಯದು. ಮಳೆ ನನ್ನ ಹತ್ತಿರವಿದೆ. ನೀಲಿಯೂ ಮಾಸಿ ಹೊಗೆಯ ಬಣ್ಣಕ್ಕೆ ಬಂದಿದೆ. ಮಿರಗದ ದಿನ ಅದನ್ನು ಮೊಳೆಗೆ ಹಾಕಿ, ಡಾಗಿನ ಮೇಲೆ ನನ್ನ ಹೆಬ್ಬೆರಳನ್ನು ಇಡುತ್ತೇನೆ. ಆಗಿನ ಅಪ್ಪನಿಗಿಂತ ನನಗೀಗ ಎರಡು ಪಟ್ಟು ವಯಸ್ಸು. ಆದರೂ ಅವನ ಹೆಬ್ಬೆಟ್ಟು ನನ್ನದಕ್ಕಿಂತ ದೊಡ್ಡದು.