ಹರಿಹರಕ್ಕೆ ಎರಡು ದಾರಿ

ಬೆಳಿಗ್ಗೆ ಐದೂ ನಲವತ್ತು. ದಾವಣಗೆರೆಯ ಸರಸ್ವತಿ ನಗರದಲ್ಲಿ ಹಾಲಿನ ಬೂತು ಈಗಷ್ಟೇ ಬಾಗಿಲು ತೆರೆದಿದೆ. ಅದರ ಮೇಲಿನ ಮಹಡಿ ಕೇಬಲ್ ಟಿವಿ ಕಂಪನಿಯ ಕಂಟ್ರೋಲ್ ರೂಮು. ಒಳಗೆ ಶಾಂತಲಾ ಸ್ವೆಟರ್ ತೊಟ್ಟು ನಿಂತಿದ್ದಾರೆ. ಯಂತ್ರಗಳಿಗೆ ಸೆಕೆಯಾಗಬಾರದೆಂದು ಇಲ್ಲಿ ಎ.ಸಿ. ಹಗಲೂ ರಾತ್ರಿ ಓಡುತ್ತದೆ. ಮನುಷ್ಯರ ಚಳಿ ಕೇಳುವವರ್ಯಾರು! ಎದುರಿನ ಟಿವಿಯಲ್ಲಿ ರಾಶಿಫಲ ಶುರುವಾಗಿದೆ. ಶಾಂತಲಾ ಅವರ ಕೈ ಹರಿಹರಕ್ಕೆ ಹೋಗುವ ಹಳದಿ ಫೈಬರ್ ವೈರಿನ ಮೇಲಿದೆ. ಇನ್ನು ಸ್ವಲ್ಪ ಹೊತ್ತಿಗೆ ಅದನ್ನು ಅವರೇ ಕೀಳಬೇಕು. ಕಿತ್ತರೂ ಹರಿಹರದ ಒಂದೇ ಒಂದು ಟಿವಿ ನಿಲ್ಲಬಾರದು. ನಿಂತರೆ ಅವರ ಕೆಲಸ ಹೋದಂತೆಯೇ.

ಆನಗೋಡಿನ ರೈತ ಏಕಾಂತಪ್ಪನವರ ಮಗಳು ಶಾಂತಲಾ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಹನ್ನೆರಡು ವರ್ಷದ ಹಿಂದೆ ಇಲ್ಲಿಗೆ ಸೇರಿದ್ದು ಕಂಪ್ಲೇಂಟ್ ಫೋನ್ ಎತ್ತಲಿಕ್ಕೆ. "ದಿನಕ್ಕೆ ನೂರು ಫೋನು ಬರ್ತಿದ್ವು. ಧಾರಾವಾಹಿ ಟೈಮಿಗೆ ಟಿವಿ ಹೋದ್ರೆ ಮುಗೀತು, ಜನ್ಮ ಜಾಲಾಡೋರು. ಬೈಸ್ಕೊಂಡು ಬೈಸ್ಕೊಂಡು ಸಾಕಾಗಿ, ಇದು ಯಾಕ ಕೆಡ್ತೈತೆ ನೋಡೇ ಬಿಡಾಣ ಅಂತ ಒಳಗೆ ಬಂದೆ," ಎಂದು ನಗುತ್ತಾರೆ. ಈಗ ಎರಡೂ ಊರಿಗೆ ಟಿವಿ, ಇಂಟರ್‌ನೆಟ್ ಸಾಗಿಸುವ ಹದಿನಾಲ್ಕು ರೂಟರ್‌ಗಳಿಗೆ ದಾರಿ ಹೇಳಿಕೊಡುವವರು ಇವರೇ.

ಮುನ್ನೂರ ಹನ್ನೆರಡು ಚಾನೆಲ್. ಹರಿಹರದಲ್ಲೇ ಸಾವಿರದ ಎಂಟುನೂರು ಮನೆ. "ಮನೆಗೊಂದು ಪ್ರತಿ ಕಳಿಸ್ತಾ ಕೂತ್ರೆ ಯಾವ ವೈರೂ ಸಾಲಂಗಿಲ್ಲ. ಹರಿಹರಕ್ಕೆ ಒಂದೇ ಸಲ ಕಳಿಸ್ತೀವಿ. ಯಾರು ಯಾವ ಚಾನೆಲ್ ಹಾಕ್ತಾರೋ ಅವರ ಓಣಿಗಷ್ಟೇ ಅಲ್ಲಿಂದ ಪ್ರತಿ ಮಾಡಿ ಕೊಡಬೇಕು. ಅದಕ್ಕೇ ಮಲ್ಟಿಕಾಸ್ಟ್ ಅನ್ನೋದು. ಆದ್ರೆ ಆ ಒಂದು ಪ್ರತಿ ದಾರ್‍ಯಾಗೆ ಕಳೀತಂದ್ರೆ ಇಡೀ ಊರೇ ಗಪ್," ಎನ್ನುತ್ತಾರೆ.

ಕಳೆದ ವರ್ಷ ಹಾಗೇ ಆಯಿತು. ಚರಂಡಿ ತೋಡುತ್ತಿದ್ದ ಜೆಸಿಬಿ ಹೆದ್ದಾರಿ ಬದಿಯ ಫೈಬರನ್ನು ಕಿತ್ತುಹಾಕಿತು. ಹಳ್ಳಿಗಳ ಮೇಲಿಂದ ಸುತ್ತಿ ಹೋಗುವ ಇನ್ನೊಂದು ದಾರಿಗೆ ಇಂಟರ್‌ನೆಟ್ ಕ್ಷಣದಲ್ಲಿ ಹೊರಳಿಕೊಂಡಿತು. ಟಿವಿ ಮಾತ್ರ ಎರಡು ತಾಸು ಕಪ್ಪಗೆ ಕೂತಿತು. ಆ ದಾರಿಯ ಒಂದು ರೂಟರಿಗೆ, ಟಿವಿಯನ್ನೂ ದಾಟಿಸು ಎಂದು ಹೇಳುವುದನ್ನೇ ಶಾಂತಲಾ ಮರೆತಿದ್ದರು. ಬರೆಯಬೇಕಿದ್ದದ್ದು ಒಂದೇ ಒಂದು ಸಾಲು.

ತಪ್ಪನ್ನು ಶಾಂತಲಾ ಬೇರೆ ಯಾರ ತಲೆಗೂ ಕಟ್ಟಲಿಲ್ಲ. "ನಂದೇ ಮರೆವು ಯಜಮಾನ್ರೇ," ಎಂದು ಮಾಲೀಕ ಪಂಚಾಕ್ಷರಪ್ಪನವರ ಎದುರು ನಿಂತರು. ಅವರು ಕೂಗಾಡಲಿಲ್ಲ. "ಹರಿಹರ ಕೈಬಿಟ್ಟು ಹೋದ್ರೆ ಈ ರೂಮಿಗೆ ಬೇರೆಯೋರ್ನ ನೋಡ್ಬೇಕಾಗ್ತೈತೆ, ಶಾಂತಲಾ," ಎಂದಷ್ಟೇ ಅಂದರು. ಹರಿಹರದ ಮನೆಗಳಿಗೆ ವೈರು ಎಳೆದು ಈ ಕಂಪನಿಯ ಚಾನೆಲ್ ಕೊಡುವ ಅಲ್ಲಿನ ಕೇಬಲ್ ಆಪರೇಟರ್ ಹಯಾತ್ ಸಾಬ್. ಅವರಂತೂ ಪಟ್ಟು ಹಿಡಿದರು: "ಬಾಯಿಮಾತು ಬ್ಯಾಡಮ್ಮ. ನಾನಿಲ್ಲಿ ಹರಿಹರದಾಗೆ ಟಿವಿ ನೋಡ್ತಾ ಕೂತಿರ್ತೀನಿ, ವೈರು ಕಿತ್ತು ತೋರಿಸ್ರಿ. ಟಿವಿ ನಿಂತ್ರೆ ನಾನು ಬೇರೆ ಕಂಪನಿ ನೋಡ್ಕಂತೀನಿ."

ಶಾಂತಲಾ ಎರಡು ತಿಂಗಳು ದೇವರಾಜ ಅರಸು ಬಡಾವಣೆಯ ತಮ್ಮ ಮನೆಗೆ ಊಟಕ್ಕೂ ಸರಿಯಾಗಿ ಹೋಗಲಿಲ್ಲ. ಸ್ಕೂಟಿ ಹತ್ತಿ ದಾರಿಯ ಒಂದೊಂದು ರೂಟರನ್ನೂ ಕಂಡು ಬಂದರು. ಈಗ ಚಾನೆಲ್‌ಗಳು ಎರಡೂ ದಾರಿಯಲ್ಲಿ ಸದಾ ಹರಿಯುತ್ತವೆ. ಹರಿಹರದ ರೂಟರ್ ಒಂದು ದಾರಿಯದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುತ್ತದೆ. ಒಂದು ಸತ್ತರೆ ಮತ್ತೊಂದು ಆಗಲೇ ಬಾಗಿಲಲ್ಲಿ ನಿಂತಿರುತ್ತದೆ. ಕಾಗದದ ಮೇಲೆ ಎಲ್ಲಾ ಸರಿ. ಆದರೆ ಕಾಗದದ ಮೇಲೆ ಹೋದ ಸಲವೂ ಸರಿಯೇ ಇತ್ತಲ್ಲ! ಆ ಹೆದರಿಕೆ ಅವರನ್ನು ಬಿಟ್ಟಿಲ್ಲ.

ಹರಿಹರದಲ್ಲಿ ಹಯಾತ್ ಸಾಬ್ ಟಿವಿ ಮುಂದೆ ಕೂತಿದ್ದಾರೆ, ಇದೇ ರಾಶಿಫಲ ಹಾಕಿಕೊಂಡು. ಮೇಷ ಮುಗಿಯುತ್ತದೆ, ವೃಷಭ ಮುಗಿಯುತ್ತದೆ. ಮಿಥುನದವರಿಗೆ ಪ್ರಯಾಣ ಯೋಗವಂತೆ. ಶಾಂತಲಾ ಕಣ್ಣು ಮುಚ್ಚಿ ಹೆದ್ದಾರಿ ಕಡೆಯ ಹಳದಿ ವೈರು ಕಿತ್ತೇ ಬಿಡುತ್ತಾರೆ.

ಕರ್ಕಾಟಕ. ಸಿಂಹ. ಎದುರಿನ ಟಿವಿ ಓಡುತ್ತಿದೆ. ಆದರೆ ಅದು ದಾವಣಗೆರೆಯ ಟಿವಿ, ಅದನ್ನು ನೋಡಿ ಏನು ಪ್ರಯೋಜನ? ಹನ್ನೆರಡು ವರ್ಷದ ಹಿಂದೆ ಎತ್ತುತ್ತಿದ್ದ ಅದೇ ಕಂಪ್ಲೇಂಟ್ ಫೋನನ್ನು ಅವರು ದಿಟ್ಟಿಸುತ್ತಾರೆ. ತುಲಾ ರಾಶಿಗೆ ಅದು ರಿಂಗಾಗುತ್ತದೆ. ಎತ್ತುತ್ತಾರೆ.

"ಏನ್ ಶಾಂತಲಮ್ಮ," ಹಯಾತ್ ಸಾಬರ ದನಿ ಸಿಡಿಮಿಡಿಯಾಗಿದೆ, "ಎಷ್ಟೊತ್ತು ಕಾಯಿಸ್ತೀರಿ? ತುಲಾ ರಾಶಿ ಬಂತು. ವೈರು ಯಾವಾಗ ಕೀಳ್ತೀರಿ?"

"ಮಿಥುನದಾಗೇ ಕಿತ್ತೀನ್ರಿ ಸಾಬ್ರೇ."

ರಾಶಿಫಲ ಹೇಳುವವರ ದನಿ ಫೋನಿನಲ್ಲಿ ಸ್ಪಷ್ಟವಾಗಿ ಕೇಳುತ್ತಿದೆ, ಹರಿಹರದಿಂದ. ಶಾಂತಲಾ ಸ್ವೆಟರಿನ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

"ವೈರು ವಾಪಸ್ ಹಾಕೋವಾಗ ಹೇಳ್ಲೇನ್ರಿ?"

"ಏ, ಬ್ಯಾಡ ಬಿಡಮ್ಮ," ಎನ್ನುತ್ತಾರೆ ಹಯಾತ್ ಸಾಬ್. "ನಾನು ಟೀ ಕುಡಿಯಾಕೆ ಹೊಂಟೆ."