ನರಗುಂದದಲ್ಲಿ ಸತ್ತುಹೋಗುತ್ತಿದ್ದ ಬೇಸ್

2022ರ ಬೇಸಿಗೆ. ಲಾಕ್‌ಡೌನಿನಲ್ಲಿ ಮೂಲೆ ಸೇರಿದ್ದ ಆಂಪ್ಲಿಫೈಯರ್‌ಗಳೆಲ್ಲ ಮದುವೆ ಸೀಸನ್ನಿಗೆ ಒಮ್ಮೆಲೇ ಹೊರಬಂದು, ಗಜೇಂದ್ರಗಡದ ನನ್ನ ದುರಸ್ತಿ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಲವಕ್ಕೆ ಇಲಿ ವೈರು ಕಡಿದಿತ್ತು, ಕೆಲವಕ್ಕೆ ಮಾಲೀಕರೇ ಕೈ ಹಾಕಿ ಕೆಡಿಸಿದ್ದರು. ನಾನು ರೇಡಿಯೊ ರಿಪೇರಿಯಿಂದ ಶುರು ಮಾಡಿದವನು. ರೋಣ, ನರಗುಂದ, ಗಜೇಂದ್ರಗಡ, ಈ ಮೂರೂ ಕಡೆಯ ಆರ್ಕೆಸ್ಟ್ರಾದವರು ನನ್ನ ಗಿರಾಕಿಗಳು. ಬಾಯಿ ಕೆಟ್ಟದ್ದು, ಕೈ ಚಲೋ ಎಂದು ನನ್ನ ಬಗ್ಗೆ ಹೇಳುತ್ತಿದ್ದರು. ಎರಡೂ ನಿಜ.

ಆ ದಿನಗಳಲ್ಲಿ ರಾಜೂರಿನ ಈರಣ್ಣ ತನ್ನ ಸ್ಪೀಕರ್ ಕ್ಯಾಬಿನೆಟ್ಟನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಬಂದ. ನಲವತ್ತೈದು ದಾಟಿದ ಮನುಷ್ಯ. ಹಗಲು ಕೂಲಿ, ಲಗ್ನದ ದಿನಗಳಲ್ಲಿ ಶಂಕ್ರಪ್ಪ ಎಂಬವನ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್. ಹಾಡಿನ ಅಡಿಯಲ್ಲಿ ದುಂ ದುಂ ಎಂದು ನಡೆಯುತ್ತದಲ್ಲ, ಅದು ಬೇಸ್. ಇದ್ದಾಗ ಯಾರೂ ಗಮನಿಸುವುದಿಲ್ಲ, ತಪ್ಪಿದರೆ ಇಡೀ ಹಾಡು ಕುಸಿಯುತ್ತದೆ.

"ಕಾಕಾರ, ಈ ಡಬ್ಬಿಗೆ ಏನೋ ರೋಗ ಬಂದೈತ್ರಿ. ಪುರ್ತಗೇರಿ ಹಳ್ಳ್ಯಾಗ ಚಲೋ ಬಾರಿಸ್ತೈತಿ. ನರಗುಂದಕ್ಕ ಹೋದ್ರ ಸತ್ತಂಗ ಆಕ್ಕೈತಿ" ಎಂದ.

"ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ. ನರಗುಂದ ಏನ್ ಮಾಡೈತೋ ನಿನಗ?" ಎಂದೆ. ಅವನು ನಗಲಿಲ್ಲ. ನಾನು ಅಂದದ್ದು ಅವನಿಗೆ ಕೇಳಿರಲೇ ಇಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಅವನ ಅವಸರಕ್ಕೆ ಒಂದು ಕಾರಣವಿತ್ತು. ಕಾಲೇಜು ಓದುತ್ತಿದ್ದ ಮಗಳು ಗೌರಿ ನರಗುಂದದ ಒಂದು ರಿಸೆಪ್ಶನ್ನಿನಲ್ಲಿ ಮೊದಲ ಸಲ ವೇದಿಕೆ ಹತ್ತುವವಳಿದ್ದಳು. "ಆಕಿ ಹಾಡಿಗೆ ನನ್ನ ಬೇಸ್ ಕೆಳಗ ಗಟ್ಟಿ ನಿಂದರಬೇಕ್ರಿ" ಎಂದು ಎರಡು ಸಲ ಹೇಳಿದ.

ಬೇಸ್ ಆಂಪ್ಲಿಫೈಯರ್‌ಗೆ ಕ್ಯಾಬಿನೆಟ್ ಹೊಂದಿಸುವಾಗ ನೋಡಬೇಕಾದದ್ದು ಮುಖ್ಯವಾಗಿ ಓಮ್ ಮತ್ತು ವಾಟ್. ಓಮ್ ಎಂದರೆ ಸ್ಪೀಕರ್ ಒಡ್ಡುವ ತಡೆ. ಕಾಲುವೆಯ ಗೇಟಿನಂತೆ ತಿಳಿಯಿರಿ: ಗೇಟು ಎತ್ತಿದಷ್ಟೂ, ಅಂದರೆ ಓಮ್ ಇಳಿದಷ್ಟೂ, ಆಂಪ್ಲಿಫೈಯರ್‌ನಿಂದ ಹೆಚ್ಚು ಕರೆಂಟು ಹರಿಯುತ್ತದೆ. ತೀರಾ ಎತ್ತಿದರೆ ಕಾಲುವೆಯೇ ಒಡೆಯುತ್ತದೆ. ನಮ್ಮ ಕಡೆ ಸಾಲದೆಂದು ಕಂಡಾಗೆಲ್ಲ ಇನ್ನೊಂದು ಡಬ್ಬಿ ಜೋಡಿಸುತ್ತಾ ಹೋಗಿ ಆಂಪ್ಲಿಫೈಯರ್ ಸುಟ್ಟುಕೊಂಡವರು ಬೇಕಾದಷ್ಟು ಮಂದಿ. ಇನ್ನು ವಾಟ್, ಅದು ಕ್ಯಾಬಿನೆಟ್ ತಡೆದುಕೊಳ್ಳುವ ಶಕ್ತಿ. ಆಂಪ್ಲಿಫೈಯರ್ ಕೊಡುವುದಕ್ಕಿಂತ ಅದು ತುಸು ಹೆಚ್ಚೇ ಇರಬೇಕು.

ಈರಣ್ಣನ ಆಂಪ್ಲಿಫೈಯರ್ ನಾಲ್ಕು ಓಮಿಗೆ ಮುನ್ನೂರು ವಾಟ್ ಕೊಡುವಂಥದ್ದು. ಅವನ ಹದಿನೈದು ಇಂಚಿನ ಕ್ಯಾಬಿನೆಟ್ ಎಂಟು ಓಮಿನದು. ಅಂದರೆ ಪೂರ್ತಿ ಶಕ್ತಿ ಹೊರಗೆ ಬರುತ್ತಲೇ ಇರಲಿಲ್ಲ. ಇದೇ ದೋಷ ಎಂದು ನಾನು ತೀರ್ಮಾನಿಸಿದೆ. ಹತ್ತು ಇಂಚಿನ ಎರಡು ಸ್ಪೀಕರ್ ಇರುವ, ಎಂಟು ಓಮಿನದೇ ಇನ್ನೊಂದು ಕ್ಯಾಬಿನೆಟ್ಟನ್ನು ಪಕ್ಕಕ್ಕೆ ಜೋಡಿಸಿದೆ. ಪಕ್ಕದಲ್ಲಿ ಎರಡನೇ ಗೇಟು ತೆರೆದಂತೆ ತಡೆ ಅರ್ಧಕ್ಕಿಳಿದು, ಎರಡು ಎಂಟು ಸೇರಿ ನಾಲ್ಕಾಯಿತು. ಲೆಕ್ಕ ಸರಿಹೋಯಿತು.

ಈರಣ್ಣ ಗಿಟಾರ್ ಹಾಕಿಕೊಂಡು ನುಡಿಸಿದ. ಕಪಾಟಿನ ಮೇಲಿದ್ದ ಸ್ಕ್ರೂ ಡಬ್ಬಿಗಳೆಲ್ಲ ಗಡಗಡ ಎಂದವು. ಎದುರಿನ ಹೋಟೆಲಿನವನು ಹೊರಗೆ ಬಂದು ನೋಡಿದ. ಈರಣ್ಣ ಮಾತ್ರ ಮುಖ ಸಣ್ಣದು ಮಾಡಿ, "ಬರವಲ್ದ್ರಿ ಕಾಕಾರ" ಎಂದ.

ನನಗೆ ಸಿಟ್ಟು ಬಂತು. ಸೌಂಡ್ ಹೆಚ್ಚಿಸಲೆಂದು ಹೋದೆ. ನನಗೆ ದಾರಿ ಬಿಡಲು ಅವನು ಸರಿದು, ಭಾರದ ಸಾಮಾನು ಇಡಲು ನಾನು ಮಾಡಿಸಿದ್ದ ಗೇಣೆತ್ತರದ ಕಟ್ಟಿಗೆಯ ಅಟ್ಟಣಿಗೆಯ ಮೇಲೆ ನಿಂತ. ಅವನ ಹಳೆಯ ಕ್ಯಾಬಿನೆಟ್ ಕೂಡ ಅದರ ಮೇಲೇ ಇತ್ತು. ಬೆರಳು ತಂತಿಗೆ ತಾಗಿದ್ದೇ ತಡ, ಮುಖ ಅರಳಿತು.

"ಈಗ ಬಂತ ನೋಡ್ರಿ! ಏನ್ ಮಾಡಿದ್ರಿ?"

ನಾನು ಏನನ್ನೂ ಮಾಡಿರಲಿಲ್ಲ. ನನ್ನ ಕೈ ಇನ್ನೂ ಗುಂಡಿಯನ್ನೇ ಮುಟ್ಟಿರಲಿಲ್ಲ.

ಅವನ ಕ್ಯಾಬಿನೆಟ್ಟನ್ನು ಎತ್ತಿ ಪರಸಿ ಕಲ್ಲಿನ ನೆಲದ ಮೇಲಿಟ್ಟೆ. "ಮತ್ತ ಹೋತ್ರಿ" ಎಂದ. ತಿರುಗಿ ಅಟ್ಟಣಿಗೆಯ ಮೇಲಿಟ್ಟೆ. ಬಂತು ಎಂದ. ಆಮೇಲೆ ಅವನ ಬೆನ್ನ ಹಿಂದೆ ಹೋಗಿ ನಿಂತು, "ಈರಣ್ಣಾ" ಎಂದು ಕರೆದೆ. ಇನ್ನೂ ಜೋರಾಗಿ ಕರೆದೆ. ಅವನು ತಿರುಗಲಿಲ್ಲ.

ನಮ್ಮ ಕಡೆಯ ಕಲಾವಿದರು ವೇದಿಕೆಗೆ ನಮಸ್ಕರಿಸಿ, ಚಪ್ಪಲಿ ಕೆಳಗೆ ಬಿಟ್ಟು ಬರಿಗಾಲಿನಲ್ಲೇ ಹತ್ತುತ್ತಾರೆ. ಹಳ್ಳಿಗಳಲ್ಲಿ ವೇದಿಕೆ ಎಂದರೆ ಬ್ಯಾರಲ್ಲುಗಳ ಮೇಲೆ ಹಾಸಿದ ಹಲಗೆ. ಕ್ಯಾಬಿನೆಟ್ಟಿನ ನಡುಕ ಹಲಗೆಗೆ, ಹಲಗೆಯಿಂದ ಅಂಗಾಲಿಗೆ. ಎಷ್ಟು ವರ್ಷಗಳಿಂದಲೋ ಈರಣ್ಣ ಕಾಲಿನಿಂದ ಕೇಳುತ್ತಿದ್ದ. ಕಿವಿ ಸ್ವಲ್ಪ ಸ್ವಲ್ಪವಾಗಿ ಹೋಗಿದ್ದರಿಂದ ಅವನಿಗೂ ಅದು ಪೂರ್ತಿ ಗೊತ್ತಿರಲಿಲ್ಲ. ನರಗುಂದದ ಕಲ್ಯಾಣ ಮಂಟಪದ ವೇದಿಕೆ ಗ್ರಾನೈಟಿನದು. ಅವನಿಗೆ ಖರೇನೇ ನೆಲ ಡೊಂಕಾಗಿತ್ತು. ನಾನಾಡಿದ ಗಾದೆ ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

ಎದುರಿಗೆ ಕೂರಿಸಿ, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದೆ: "ಡಬ್ಬಿ ಚಲೋ ಐತಿ. ಕಿವಿ ತೋರಿಸ್ಕೊಂಡ್ ಬಾ."

ಅವನು ಗಿಟಾರಿನ ಪಟ್ಟಿಯನ್ನು ಸುತ್ತಿಕೊಂಡು ಎದ್ದ. ಮರುವಾರ ಗದಗಿಗೆ ಹೋಗಿ ಬಂದ. ಕಿವಿಯ ನರ ಸೋತಿದೆ ಎಂದು ಡಾಕ್ಟರು ಹೇಳಿದ್ದರಂತೆ. "ಮಷೀನ್ ಹಚ್ಚಿದ್ರ ಮಾತು ತಿಳೀತೈತಂತ್ರಿ. ಹಾಡು ಮೊದಲಿನಂಗ ಬರೋದಿಲ್ಲಂತ" ಎಂದ. ಆಮೇಲೆ ನನ್ನ ಕೈ ಹಿಡಿದುಕೊಂಡ. "ಶಂಕ್ರಪ್ಪಗ ಹೇಳಬ್ಯಾಡ್ರಿ. ಗೌರೀದು ಮೊದಲ ಹಾಡು ಒಂದ ಆಗ್ಲಿ. ನನಗೊಂದು ಹಲಗಿ ಮಾಡಿಕೊಡ್ರಿ, ಗ್ರಾನೈಟ್ ಮ್ಯಾಲ ಹಾಸಾಕ."

ಹಲಗೆ ಮಾಡಿಕೊಟ್ಟೆ. ಜೊತೆಗೆ ಎಚ್ಚರಿಕೆಯನ್ನೂ ಕೊಟ್ಟೆ. ಹಲಗೆ ತಾಳವನ್ನು ತಿಳಿಸುತ್ತದೆ, ಶ್ರುತಿಯನ್ನು ತಿಳಿಸುವುದಿಲ್ಲ. ಹಾಡುವವರ ಗಂಟಲಿಗೆ ತಕ್ಕಂತೆ ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಎಂಬ ಗುಂಡಿ ಒತ್ತಿ ಶ್ರುತಿ ಏರಿಸುವುದು, ಇಳಿಸುವುದು ಮಾಡುತ್ತಾರೆ. ಅವರ ಬೆರಳು ಅದೇ ಕೀಗಳ ಮೇಲೆ ಆಡುತ್ತಿರುತ್ತದೆ, ಬರುವ ಸ್ವರ ಮಾತ್ರ ಬೇರೆ. ಬೇಸಿನವನು ಅದನ್ನು ಕಿವಿಯಿಂದಲೇ ಹಿಡಿಯಬೇಕು. "ನಾವು ಎರಡು ತಿಂಗಳು ಪ್ರಾಕ್ಟೀಸ್ ಮಾಡೇವ್ರಿ. ಶ್ರುತಿ ಬದಲಾಗೂದಿಲ್ಲ" ಎಂದ ಈರಣ್ಣ.

ರಿಸೆಪ್ಶನ್ನಿಗೆ ನಾನೂ ಹೋಗಿದ್ದೆ. ಸಂಜೆ ಐದರ ಹೊತ್ತು, ಮಂಟಪ ತುಂಬಿತ್ತು. ಈರಣ್ಣ ಗ್ರಾನೈಟಿಗೆ ನಮಸ್ಕರಿಸಿ ಕ್ಯಾಬಿನೆಟ್ ಇಟ್ಟಿದ್ದ ತನ್ನ ಹಲಗೆಯ ಮೇಲೆ ನಿಂತ. ಮೊದಲ ಮೂರು ಹಾಡು ಅವನು ನುಡಿಸಿದ್ದು ಎಷ್ಟು ಚೆನ್ನಾಗಿತ್ತೆಂದರೆ ನನ್ನ ಭಯವೆಲ್ಲ ಇಳಿಯಿತು. ನಾಲ್ಕನೆಯದಕ್ಕೆ ಗೌರಿ ಬಂದಳು. ಮೇಲಿನ ಸ್ವರ ಎಟುಕಲಿಕ್ಕಿಲ್ಲ ಎಂಬ ಹೆದರಿಕೆ ಅವಳಿಗೆ. ಹುಡುಗಿ ಕೀಬೋರ್ಡಿನವನ ಕಿವಿಯಲ್ಲಿ ಏನೋ ಹೇಳಿದಳು. ಅವನು ಪಾಪ, ಒಳ್ಳೆಯ ಮನಸ್ಸಿನಿಂದಲೇ ಗುಂಡಿ ಒತ್ತಿ ಶ್ರುತಿ ಇಳಿಸಿದ.

ಬೇಸ್ ಹಳೆಯ ಶ್ರುತಿಯಲ್ಲೇ ಬಂತು. ತಾಳ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ, ಸ್ವರ ಮಾತ್ರ ಪೂರ್ತಿ ಬೇರೆ. ನಾನು ಹೊಂದಿಸಿಕೊಟ್ಟ ಎರಡೂ ಕ್ಯಾಬಿನೆಟ್‌ಗಳು ಮುನ್ನೂರು ವಾಟಿನಲ್ಲಿ ಆ ತಪ್ಪನ್ನು ಮಂಟಪದ ಕೊನೆಯ ಕುರ್ಚಿಯವರೆಗೂ ಮುಟ್ಟಿಸಿದವು. ಗೌರಿ ಒಂದು ಸಾಲು ತಡೆದುಕೊಂಡು ಹಾಡಿದಳು, ಎರಡನೆಯದರಲ್ಲಿ ದಾರಿ ತಪ್ಪಿ ನಿಂತುಬಿಟ್ಟಳು. ಹುಡುಗರು ಸಿಳ್ಳೆ ಹೊಡೆದರು. ಈರಣ್ಣ ಕಣ್ಣು ಮುಚ್ಚಿ, ಸುಖವಾಗಿ ನುಡಿಸುತ್ತಲೇ ಇದ್ದ. ಶಂಕ್ರಪ್ಪ ಬಂದು ಅವನ ಭುಜ ಅಲುಗಿಸಿದಾಗಲೇ ಕಣ್ಣು ತೆರೆದದ್ದು. ಆಗ ಅವನು ಮಗಳ ಮುಖ ನೋಡಿದ. ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ.

ಈರಣ್ಣ ಆಮೇಲೆ ವೇದಿಕೆ ಹತ್ತಲಿಲ್ಲ. ಈಗ ಆ ಆರ್ಕೆಸ್ಟ್ರಾದಲ್ಲಿ ಬೇಸನ್ನೂ ಕೀಬೋರ್ಡಿನಲ್ಲೇ ನುಡಿಸುತ್ತಾರೆ. ಗೌರಿಯೂ ಮತ್ತೆ ಹಾಡಲು ಹೋಗಲಿಲ್ಲ.

ಮಳೆಗಾಲದಲ್ಲಿ ಅಪ್ಪ ಮಗಳು ಇಬ್ಬರೂ ಡಬ್ಬಿ ಹೇರಿಕೊಂಡು ಅಂಗಡಿಗೆ ಬಂದರು. ಅದನ್ನು ಮಾರಲು ಬಂದರೆಂದುಕೊಂಡೆ. ಈರಣ್ಣ ಕೇಳಿದ್ದೇ ಬೇರೆ: "ಇದಕ್ಕ ಮೈಕ್ ಹಚ್ಚಾಕ ಬರ್ತೈತೇನ್ರಿ?"

ಬೇಸಿನ ಕ್ಯಾಬಿನೆಟ್‌ಗೆ ಹೆಣ್ಣುಮಗಳ ಕಂಠ ಹೊಂದುವುದಿಲ್ಲ. ಬೇರೆ ಯಾರಾದರೂ ಕೇಳಿದ್ದರೆ ಬೈದು ಕಳಿಸುತ್ತಿದ್ದೆ. ಅವತ್ತು ಬಾಯಿ ಮುಚ್ಚಿಕೊಂಡು ಹಚ್ಚಿಕೊಟ್ಟೆ. ಗೌರಿ ಅದೇ ಹಾಡನ್ನು, ಮಂಟಪದಲ್ಲಿ ಎಲ್ಲಿ ತಪ್ಪಿ ನಿಂತಿದ್ದಳೋ ಅಲ್ಲಿಂದ ಮುಂದಕ್ಕೂ ಪೂರ್ತಿಯಾಗಿ ಹಾಡಿದಳು. ಧ್ವನಿ ಗಡಿಗೆಯೊಳಗಿಂದ ಬಂದಂತಿತ್ತು. ಈರಣ್ಣ ಎರಡೂ ಅಂಗೈಗಳನ್ನು ಡಬ್ಬಿಗೆ ಒತ್ತಿಕೊಂಡು ಕೂತಿದ್ದ.

"ತಿಳೀತೇನೋ?" ಎಂದೆ, ತುಟಿ ಕಾಣುವ ಹಾಗೆ.

"ಎಲ್ಲಿ ಉಸಿರು ತಗೋತಾಳ, ಅಷ್ಟ ತಿಳೀತೈತ್ರಿ."

ಈಗಲೂ ಕ್ಯಾಬಿನೆಟ್ ಹೊಂದಿಸಲು ಯಾರೇ ಬಂದರೂ ನಾನು ಮೊದಲು ಮೀಟರ್ ತೆಗೆಯುವುದಿಲ್ಲ. ಅವರನ್ನು ಪರಸಿ ಕಲ್ಲಿನ ಮೇಲೆ ನಿಲ್ಲಿಸಿ, ಹಿಂದಿನಿಂದ ಮೆಲ್ಲಗೆ ಹೆಸರು ಹಿಡಿದು ಕರೆಯುತ್ತೇನೆ. ಅವರು ತಿರುಗಿ ನೋಡಿದ ಮೇಲೆಯೇ ಓಮ್, ವಾಟಿನ ಮಾತು.