ಚಳ್ಳಕೆರೆಯಲ್ಲಿ ಮುದುಡಿಕೊಂಡ ಹವಳ

ಮೊಣಕೈವರೆಗೆ ಕೈ ಗಾಜಿನ ತೊಟ್ಟಿಯೊಳಗಿತ್ತು. ಹವಳವನ್ನು ಅದರ ಕಲ್ಲಿನ ಸಮೇತ ಮೇಲೆತ್ತುತ್ತಿದ್ದೆ. ಅವ್ವ ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಏನೋ ಅದು ನಾತ? ಸತ್ತೋತಾ?"

"ಸತ್ತಿಲ್ಲ. ಸುಮ್ನಿರವ್ವ."

"ಸತ್ತಿಲ್ಲ ಅಂದ್ರೆ ಯಾಕೆ ಹಂಗೆ ನಾರ್ತೈತೆ?"

"ಬಸವನಹುಳು ಸತ್ತಿರೋದು. ಇದಿನ್ನೂ ಬದುಕೈತೆ."

ಅವ್ವ ಹಪ್ಪಳ ತುಂಬಿಡುವ ಪ್ಲಾಸ್ಟಿಕ್ ಡಬ್ಬಿಯನ್ನು ಕೇಳದೆ ತೆಗೆದುಕೊಂಡಿದ್ದೆ. ಅದರಲ್ಲಿ ಉಪ್ಪುನೀರು ತುಂಬಿ, ಹವಳ ಇಳಿಸಿ, ಮುಚ್ಚಳ ಒತ್ತಿದೆ. ಮೊಳಕಾಲ್ಮೂರು ಬಸ್ಸಿಗೆ ಹೊತ್ತಾಗಿತ್ತು. ಇದು ಇನ್ನೆರಡು ದಿನ ನಮ್ಮ ಮನೆಯಲ್ಲಿದ್ದರೆ ಸಾಯುತ್ತದೆ, ಅಷ್ಟು ಗೊತ್ತಿತ್ತು. ಯಾಕೆ ಸಾಯುತ್ತದೆ ಅನ್ನುವುದು ಗೊತ್ತಿರಲಿಲ್ಲ.

ನನ್ನದು ಚಳ್ಳಕೆರೆಯಲ್ಲಿ ಮೋಟಾರ್ ವೈಂಡಿಂಗ್ ಕೆಲಸ. ಬೋರ್‌ವೆಲ್ ಮೋಟಾರ್ ಸುಟ್ಟರೆ ಹಳೆ ತಂತಿ ಕಿತ್ತು ಹೊಸದು ಸುತ್ತುತ್ತೇನೆ. ಸ್ಕೂಲಿಗೆ ಹೋಗಿದ್ದು ಕಡಿಮೆ. ಸಮುದ್ರ ನೋಡೇ ಇಲ್ಲ. ಫೋನಿನಲ್ಲಿ ಇಂಥ ತೊಟ್ಟಿ ನೋಡಿದೆ, ಬೇಕು ಅನಿಸಿತು, ತರಿಸಿಕೊಂಡೆ. ತೊಟ್ಟಿ, ಪ್ಯಾಕೆಟ್ಟಿನ ಸಮುದ್ರದ ಉಪ್ಪು, ನೀಲಿ ಲೈಟು, ನೀರು ತಿರುಗಿಸುವ ಸಣ್ಣ ಪಂಪು, ಎರಡು ಮೀನು, ಒಂದಷ್ಟು ಬಸವನಹುಳು. ಆಮೇಲೆ ಬೆಂಗಳೂರಿನ ಅಂಗಡಿಯಿಂದ ಈ ಹವಳ. ಅಂಗಡಿಯವರೇ ತೊಟ್ಟಿಯಲ್ಲಿ ಬೆಳೆಸಿದ್ದು.

ಹವಳ ಎಂದರೆ ತಾಳಿಯಲ್ಲಿ ಪೋಣಿಸುವ ಕೆಂಪು ಮಣಿ ಅಂದುಕೊಳ್ಳಬೇಡಿ. ಇದು ಮೆತ್ತಗಿನ ಜಾತಿ. ನೋಡಲು ದೊಡ್ಡ ಅಣಬೆ. ಕೊಡೆಯ ಮೇಲೆಲ್ಲ ಸಣ್ಣ ಬೆರಳುಗಳು. ಚೆನ್ನಾಗಿದ್ದಾಗ ಬೆರಳೆಲ್ಲ ಹೊರಗೆ ಬಂದು, ಗಾಳಿಗೆ ಸಜ್ಜೆ ಹೊಲ ಆಡಿದಂತೆ ನೀರಿಗೆ ಆಡುತ್ತವೆ. ಅದನ್ನು ನೋಡುತ್ತ ಕೂತರೆ ಊಟ ನೆನಪಾಗುವುದಿಲ್ಲ. ಉತ್ಪ್ರೇಕ್ಷೆ ಅಲ್ಲ, ಅವ್ವ ಬೈದು ಎಬ್ಬಿಸುತ್ತಿದ್ದಳು.

ಅಕ್ಕನ ಗಂಡ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಒಮ್ಮೆ ನಮ್ಮ ಮನೆಗೆ ಬಂದವರು ತೊಟ್ಟಿ ಮುಂದೆ ಕೂತರು, ಏಳಲೇ ಇಲ್ಲ. ಅವರೂ ಒಂದು ತೊಟ್ಟಿ ಇಟ್ಟರು. ಆಮೇಲೆ "ಅರ್ಧ ಕೊಡೋ ಲೇ" ಅಂತ ಹಿಂದೆ ಬಿದ್ದರು. ಈ ಜಾತಿ ಕತ್ತರಿಸಿದರೂ ಸಾಯುವುದಿಲ್ಲ, ಎರಡೂ ತುಂಡು ಬೆಳೆಯುತ್ತವೆ. ಗಡ್ಡದ ಬ್ಲೇಡಿನಲ್ಲಿ ಸೀಳಿದೆವು. ನಾನು ಕಣ್ಣು ಮುಚ್ಚಿದ್ದೆ, ಭಾವ ಸೀಳಿದರು. ಒಂದು ತುಂಡು ಅಲ್ಲಿ, ಒಂದು ಇಲ್ಲಿ. ಎರಡೂ ಚೆನ್ನಾಗಿ ಬೆಳೆದವು.

ಆಮೇಲೆ ನನ್ನದು ಮುದುಡಿತು. ಬೆರಳೆಲ್ಲ ಒಳಗೆ ಹೋಗಿ ಮೇಲೆ ಮೇಣದಂಥ ಪೊರೆ ಬಂತು. ಮೊದಲು ಹೆದರಲಿಲ್ಲ. ಹಾವು ಪೊರೆ ಬಿಟ್ಟಂತೆ ಇದೂ ಬಿಡುತ್ತದೆ, ನಾಲ್ಕು ದಿನ ಕಾಯಿರಿ ಅಂತ ವಿಡಿಯೋದಲ್ಲಿ ಹೇಳಿದ್ದರು. ಕಾದೆ. ಪೊರೆ ಹೋಗಲಿಲ್ಲ. ಪಂಪನ್ನು ತಿರುಗಿಸಿ ನೀರು ಜೋರಾಗಿ ಬಡಿಯುವಂತೆ ಇಟ್ಟೆ. ಪೊರೆ ಹೋಯಿತು, ಬೆರಳು ಬರಲಿಲ್ಲ. ಲೈಟ್ ಕಡಿಮೆ ಮಾಡಿದೆ, ಜಾಸ್ತಿ ಮಾಡಿದೆ. ಉಪ್ಪು ಅಳೆದೆ, ಸರಿಯಿತ್ತು. ಬಿಸಿ ನೋಡಿದೆ, ಸರಿಯಿತ್ತು. ಹತ್ತಿರದ ಶೇಂಗಾ ಎಣ್ಣೆ ಮಿಲ್ಲಿನ ದೂಳು ಇರಬಹುದು ಅಂತ ಕಿಟಕಿ ಮುಚ್ಚಿದೆ. ಸೆಕೆಗೆ ನಾವು ಬೆಂದೆವು, ಅಷ್ಟೆ. ಬಸವನಹುಳುಗಳು ಒಂದೊಂದಾಗಿ ಕೆಳಗೆ ಬಿದ್ದು ಸತ್ತವು. ಮೀನುಗಳು ಮಾತ್ರ ಹಾಯಾಗಿ ತಿರುಗುತ್ತಿದ್ದವು. ಹವಳದ ಒಂದು ಅಂಚು ಕರಗಲು ಶುರುವಾಯಿತು.

ಇದು ಸತ್ತರೆ ತೊಟ್ಟಿ ಖಾಲಿ ಮಾಡಿ ಶೇಂಗಾ ತುಂಬುತ್ತೇನೆ, ಮತ್ತೆ ಇದರ ಸುದ್ದಿಗೆ ಹೋಗುವುದಿಲ್ಲ ಅಂತ ಸಿಟ್ಟಿನಲ್ಲಿ ಅಂದುಬಿಟ್ಟಿದ್ದೆ. ನಾನು ಅಂದರೆ ಮಾಡುವವನು. ಅದಕ್ಕೇ ಭಾವನ ತೊಟ್ಟಿಯಲ್ಲಾದರೂ ಬದುಕಲಿ ಅಂತ ಹೊರಟಿದ್ದೆ.

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂತೆ. ತಳಕು ದಾಟಿದ ಮೇಲೆ ಕಂಡಕ್ಟರ್ ಬಂದು ಬಗ್ಗಿ ನೋಡಿದ.

"ಏನ್ ತಮ್ಮ ಅದು, ಕುಲುಕ್ತೈತೆ?"

"ಹವಳ."

"ಹವಳನಾ! ಎಲ್ಲಿ, ತೆಗಿ ನೋಡಾನ."

ಮುಚ್ಚಳ ತೆಗೆದೆ. ಅವನ ಮುಖ ಬಿದ್ದುಹೋಯಿತು. "ಥೂ, ಇದು ಮಳೆ ಬಂದ್ರೆ ನಮ್ಮ ಹೊಲದಾಗೆ ಪುಕ್ಕಟೆ ಏಳ್ತೈತಲೋ. ಅಣಬೇನ ಬಸ್ಸಿನಾಗೆ ಮೆರವಣಿಗೆ ಮಾಡ್ತೀಯಾ?"

ಪಕ್ಕದಲ್ಲಿದ್ದ ಅಜ್ಜಿ ಮೂಸಿ ನೋಡಿ ಹೇಳಿತು: "ಹಳಸೈತೆ ಕಣಪ್ಪ. ಸಾರಿಗೆ ಹಾಕ್ಬೇಡ."

ಬಸ್ಸೆಲ್ಲ ನಕ್ಕಿತು. ನಾನು ನಗಲಿಲ್ಲ. ಬಿ.ಜಿ. ಕೆರೆಯಲ್ಲಿ ಬಿಸಿಲು ಕಿಟಕಿಯಿಂದ ಡಬ್ಬಿಗೆ ಹೊಡೆಯುತ್ತಿತ್ತು. ಟವಲ್ ಒದ್ದೆ ಮಾಡಿ ಅದಕ್ಕೆ ಸುತ್ತಿದೆ.

ಭಾವ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತಿದ್ದರು. ಲಾಳಿ ನಿಲ್ಲಿಸದೆ ಕೇಳಿದರು, "ತಂದ್ಯಾ ಹೆಣಾನ?"

"ಹೆಣ ಅನ್ಬೇಡ್ರಿ ಭಾವ."

"ಏಮ್ರಾ, ಕೋಪ ಬಂತಾ? ಮೊದ್ಲು ನಂದು ನೋಡು. ಚೂಡು ಚೂಡು! ಹೆಂಗೈತೆ, ದೊರೆ ಇದ್ದಂಗೆ!"

ನಿಜವಾಗಿಯೂ ದೊರೆಯೇ. ಅವರ ತುಂಡು ಊಟದ ತಟ್ಟೆಯಷ್ಟು ಅಗಲ ಆಗಿತ್ತು. ಹೊಟ್ಟೆ ಉರಿಯಿತು. ನನ್ನದನ್ನು ಅವರ ತೊಟ್ಟಿಯ ನೀರಿಗೆ ಮೆಲ್ಲಗೆ ಒಗ್ಗಿಸಿ ಮೂಲೆಯಲ್ಲಿ ಇಟ್ಟೆವು. ಅಕ್ಕ ಬಂದು ನೋಡಿ, "ನಾನು ಹೆತ್ತಾಗ್ಲೂ ಈ ಮನುಷ್ಯ ಇಷ್ಟು ಹೊತ್ತು ಪಕ್ಕದಾಗೆ ಕೂತಿರ್ಲಿಲ್ಲ" ಅಂದು ಒಳಗೆ ಹೋದಳು.

ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ಎದ್ದು ಹಲ್ಲು ಉಜ್ಜುತ್ತ ತೊಟ್ಟಿ ಹತ್ತಿರ ಹೋದವನು ಬ್ರಷ್ ಬೀಳಿಸಿದೆ. ಒಂದು ಬದಿಯಲ್ಲಿ ಬೆರಳು ಹೊರಗೆ ಬಂದಿದ್ದವು! ಎಳ್ಳಿನಷ್ಟು. ಆದರೆ ಬಂದಿದ್ದವು.

"ಬಂತು ಭಾವ! ಬಂತು!"

ಭಾವ ಭುಜದ ಮೇಲೆ ರೇಷ್ಮೆ ಎಳೆ ಅಂಟಿಸಿಕೊಂಡೇ ಓಡಿಬಂದರು. ಇಬ್ಬರೂ ಗಾಜಿಗೆ ಮೂಗು ಒತ್ತಿ ನಿಂತೆವು. ಭಾವ ಬೆನ್ನಿಗೆ ಗುದ್ದಿದರು.

"ಲೇ ಬಾಮೈದ, ನಂದೂ ನಿಂದೂ ಒಂದೇ ಹವಳ. ಉಪ್ಪು ಒಂದೇ. ಲೈಟ್ ಒಂದೇ. ಇಲ್ಲಿ ಬಿಚ್ಕಂತೈತೆ, ಅಲ್ಲಿ ಬಿಚ್ಕಳ್ಳಲ್ಲ. ಹವಳಕ್ಕೆ ರೋಗ ಇಲ್ಲ. ನಿನ್ ಮನ್ಯಾಗೆ ಐತೆ ರೋಗ."

ಹವಳವನ್ನು ಅಲ್ಲೇ ಬಿಟ್ಟು ಹೊರಡುವಾಗ ಅವರು ಬಿಳಿ ಸ್ಪಂಜಿನಂಥ ಒಂದು ಹಾಳೆಯನ್ನು ಅರ್ಧ ಕತ್ತರಿಸಿ ಕೊಟ್ಟರು. ಅಂಗಡಿಯಿಂದ ತರಿಸಿದ್ದು. ನೀರಿನಲ್ಲಿಟ್ಟರೆ ಕೆಟ್ಟದ್ದನ್ನು ಹೀರಿಕೊಂಡು ಬಣ್ಣ ಬದಲಿಸುತ್ತದಂತೆ. ಮನೆಗೆ ಬಂದು ಒಂದು ಚೂರನ್ನು ಪಂಪಿನ ಬಾಯಿಗೆ ಸಿಕ್ಕಿಸಿದೆ. ಮಾರನೆಯ ದಿನ ಕೆಲಸ ಮುಗಿಸಿ ಬಂದು ನೋಡಿದರೆ ಚೂರು ನೀಲಿ. ನೀಲಿ ಲೈಟಿನ ಆಟ ಇರಬಹುದು ಅಂತ ಕಿತ್ತುಕೊಂಡು ಬೀದಿಗೆ ಓಡಿದೆ. ಬಿಸಿಲಲ್ಲೂ ನೀಲಿಯೇ.

ಅಲ್ಲಿಂದಲೇ ಅಂಗಡಿಯವರಿಗೆ ಫೋನ್ ಹಚ್ಚಿದೆ.

"ನೀಲಿನಾ? ಕಂದು ಅಲ್ವಾ?"

"ನೀಲಿ ಸಾರ್. ಇಂಕು ಚೆಲ್ಲಿದಂಗೈತೆ."

"ಹಾಗಾದ್ರೆ ತಾಮ್ರ. ಹವಳಕ್ಕೆ ತಾಮ್ರ ಅಂದ್ರೆ ವಿಷ. ಬಸವನಹುಳು ಮೊದ್ಲು ಸಾಯ್ತವೆ, ಮೀನು ತಡ್ಕೊಳ್ತವೆ. ಎಲ್ಲಿಂದ ಬರ್ತಿದೆ, ಹುಡುಕಿ."

ಬೀದಿಯಲ್ಲೇ ಕುಣಿದುಬಿಟ್ಟೆ. ಬಸವನಹುಳು ಸತ್ತದ್ದು, ಮೀನು ಬದುಕಿದ್ದು, ಎಲ್ಲ ಕೂಡಿಬಂತು. ಶತ್ರುವಿನ ಹೆಸರು ಗೊತ್ತಾಯಿತಲ್ಲ! ಭಾವನಿಗೆ ಫೋನ್ ಮಾಡಿದೆ. ಅವರು ಬಿದ್ದು ಬಿದ್ದು ನಕ್ಕರು.

"ತಾಮ್ರ ಇರೋದು ನನ್ ಜರಿಯಾಗೆ ಕಣಲೇ! ನಮ್ಮನೆ ತುಂಬ ಅದೇ ಬಿದ್ದೈತೆ. ಸಾಯ್ಬೇಕಾದ್ದು ನಂದು!" ನಗು ನಿಲ್ಲಿಸಿ ಮೆಲ್ಲಗೆ ಕೇಳಿದರು, "ಅಲ್ಲಲೇ, ದಿನವೆಲ್ಲ ನೀನು ಮೋಟಾರಿಗೆ ಯಾವ ತಂತಿ ಸುತ್ತೋದು?"

ನನ್ನ ಕೈ ನೋಡಿಕೊಂಡೆ. ದಿನಾ ತಾಮ್ರದ ತಂತಿ ಹಿಡಿದ ಕೈ. ಅದೇ ಕೈಯನ್ನು ತೊಟ್ಟಿಗೆ ಹಾಕುತ್ತಿದ್ದೆ. ಆದರೆ ಅನುಮಾನದ ಮೇಲೆ ಮೋಟಾರ್ ಬಿಚ್ಚಿ ನನಗೆ ಅಭ್ಯಾಸವಿಲ್ಲ. ಮೊದಲು ಟೆಸ್ಟ್ ಮಾಡಬೇಕು.

ತೊಟ್ಟಿಗೆ ದಿನಾ ಕ್ಯಾನಿನ ನೀರು ಸೇರಿಸುತ್ತಿದ್ದೆ. ಚಳ್ಳಕೆರೆಯ ಒಣ ಗಾಳಿಗೆ ನೀರು ಆರುತ್ತಲೇ ಇರುತ್ತದೆ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಅದಕ್ಕೆ ಸಿಹಿನೀರು ಸೇರಿಸಬೇಕು. ಬೋರಿನ ನೀರು ಗಡಸು, ಆಗುವುದಿಲ್ಲ. ಬೀದಿ ಕೊನೆಯ ಶುದ್ಧ ನೀರಿನ ಘಟಕದಿಂದ ಮನೆಗೆಲ್ಲ ಕ್ಯಾನಿನಲ್ಲಿ ತರುತ್ತಿದ್ದೆವು. ಆ ನೀರನ್ನು ಎರಡು ಜಗ್ಗಿಗೆ ಹಾಕಿದೆ. ಎರಡರಲ್ಲೂ ಬಿಳಿ ಚೂರು ಹಾಕಿದೆ. ಒಂದರಲ್ಲಿ ಕೈ ಅದ್ದಿ ಚೆನ್ನಾಗಿ ತೊಳೆದೆ. ಇನ್ನೊಂದನ್ನು ಮುಟ್ಟಲಿಲ್ಲ.

ಎರಡೂ ನೀಲಿಯಾದವು.

ಕೈ ಅಲ್ಲ! ಕ್ಯಾನಿನ ನೀರು! ಹೊಸ ಚೂರು, ಖಾಲಿ ಬಾಟಲಿ ಹಿಡಿದು ಘಟಕಕ್ಕೆ ನುಗ್ಗಿದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ.

"ನಿಮ್ ನೀರಾಗೆ ತಾಮ್ರ ಐತೆ ಕಣ್ರಿ."

ಅಲ್ಲಿದ್ದ ಯಜಮಾನ ತಣ್ಣಗೆ ಹೇಳಿದ, "ತಾಮ್ರ ಸಿಕ್ಕಿದ್ರೆ ಮಾರ್ಕಂಡು ಮನೇಲಿರ್ತಿದ್ದೆ, ಇಲ್ಯಾಕೆ ಕೂರ್ತಿದ್ದೆ?"

ಅವನ ನಲ್ಲಿಯಿಂದಲೇ ಬಾಟಲಿ ತುಂಬಿ, ಚೂರು ಹಾಕಿ, ಅಲ್ಲೇ ಕಟ್ಟೆ ಮೇಲೆ ಕೂತೆ. ಅವನೂ ಬಗ್ಗಿ ನೋಡುತ್ತಿದ್ದ. ಜಗ್ಗಿನ ಚೂರು ನೀಲಿಯಾಗಲು ಹಿಡಿದಷ್ಟು ಹೊತ್ತು ಕಳೆದರೂ ಬಿಳಿ ಬಿಳಿಯಾಗಿಯೇ ಇತ್ತು. ಯಜಮಾನ ಹಲ್ಲು ಕಿರಿದ. "ತಪ್ಪಾಯ್ತು ಕಣ್ರಿ" ಅಂದು ಎದ್ದೆ. ನಲ್ಲಿಯಲ್ಲಿ ಇಲ್ಲದ್ದು ನಮ್ಮ ಕ್ಯಾನಿಗೆ ಹೇಗೆ ಬಂತು? ಕ್ಯಾನು ಪ್ಲಾಸ್ಟಿಕ್. ಓಡಿದೆ.

ಅವ್ವ ಅಡುಗೆಮನೆಯಲ್ಲಿ ಹುಣಸೆಹಣ್ಣು ಹಚ್ಚಿ ಕೊಡ ತಿಕ್ಕುತ್ತಿದ್ದಳು. ತಾಮ್ರದ ಕೊಡ. ಬೆಂಕಿಯ ಹಾಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಕ್ಯಾನು.

"ಅವ್ವ, ಕ್ಯಾನಿನ ನೀರಿಗೆ ಏನ್ ಮಾಡ್ತೀಯ ನೀನು?"

"ಏನ್ ಮಾಡ್ತೀನಿ? ರಾತ್ರಿ ಕೊಡಕ್ಕೆ ಹಾಕ್ತೀನಿ. ಬೆಳಿಗ್ಗೆ ತಿರುಗಾ ಕ್ಯಾನಿಗೆ ಹಾಕ್ತೀನಿ."

"ಯಾಕೆ?"

"ಮಿಷಿನ್ ನೀರು ಸತ್ತ ನೀರು ಕಣಪ್ಪ. ತಾಮ್ರದಾಗೆ ಒಂದು ರಾತ್ರಿ ಕೂತ್ರೆ ಜೀವ ಬರ್ತೈತೆ. ಮೊದ್ಲು ನಮಗೆ ಕುಡಿಯಾಕೆ ಅಷ್ಟೇ ಇಡ್ತಿದ್ದೆ. ಆಮೇಲೆ ನೀನೇ ಹೇಳಿದ್ಯಲ್ಲ, ಅದು ಗಿಡ ಅಲ್ಲವ್ವ, ಪ್ರಾಣಿ, ಅದಕ್ಕೂ ಬಾಯೈತೆ ಅಂತ. ಬಾಯಿರೋದಕ್ಕೆ ಸತ್ತ ನೀರು ಕೊಡ್ತಾರೇನೋ?"

ನನಗೆ ಕೂಗಬೇಕು ಅನಿಸಿತು, ನಗಬೇಕು ಅನಿಸಿತು. ದಿನಾ ಸ್ವಲ್ಪ ಸ್ವಲ್ಪ ತಾಮ್ರ. ನೀರು ಆರಿ ಹೋಗುತ್ತಿತ್ತು, ಉಪ್ಪಿನ ಹಾಗೆ ತಾಮ್ರವೂ ಉಳಿದು ಸೇರುತ್ತ ಹೋಗಿತ್ತು.

"ಅದಕ್ಕೆ ತಾಮ್ರ ವಿಷ ಅವ್ವ."

ಅವಳ ಕೈ ಕೊಡದ ಮೇಲೆ ನಿಂತಿತು. "ಅಯ್ಯೋ. ನಿನಗೂ ಅದೇ ಕುಡಿಸ್ತಿದ್ನಲ್ಲೋ, ನೀನ್ಯಾಕೆ ಚೆನ್ನಾಗಿದೀಯ?"

"ನಾನು ಮೀನಿನ ಜಾತಿ. ತಡ್ಕಂತೀನಿ."

ಅವಳು ನಗಲಿಲ್ಲ. ಕೈ ಒರೆಸಿಕೊಂಡು ತೊಟ್ಟಿ ಹತ್ತಿರ ಹೋಗಿ ಹವಳವಿಲ್ಲದ ಜಾಗ ನೋಡುತ್ತ ನಿಂತಳು. "ನಿಮ್ ಭಾವನ ಮನ್ಯಾಗೆ ಬದುಕೈತಾ?" ಅಂತ ಕೇಳಿದಳು. ಬದುಕಿದೆ ಅಂದೆ. ಅವತ್ತಿನಿಂದ ಎರಡು ಕ್ಯಾನು ಆದವು. ಹವಳದ ಕ್ಯಾನಿಗೆ ಅವಳೇ ಕೆಂಪು ರಿಬ್ಬನ್ ಕಟ್ಟಿದಳು. ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ, ನಾನು ಬಾಯಾರಿ ಬಂದರೂ.

ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ತೆಗೆದು ಹೊಸದು ತುಂಬುತ್ತ ಹೋದೆ. ಚೂರು ಹಾಕುವುದು, ನೀಲಿಯಾಗುವುದು, ಎಸೆಯುವುದು. ಆಮೇಲೆ ತಿಳಿನೀಲಿ. ಆಮೇಲೆ ಒಂದು ಚೂರು ಕೊಳಕು ಕಂದು ಬಣ್ಣಕ್ಕೆ ತಿರುಗಿತು. ಬರೀ ಮೀನಿನ ಗಲೀಜು! ಗಲೀಜು ನೋಡಿ ಅಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು. ಭಾವನಿಗೆ ಫೋಟೋ ಕಳಿಸಿದೆ. "ಬಂದು ತಗಂಡ್ ಹೋಗು, ನಿಂದು ನನ್ ದೊರೆ ಮೇಲೆ ಒರಗ್ತೈತೆ" ಅಂದರು.

ತಂದು ಹಳೆ ಜಾಗದಲ್ಲೇ ಇಟ್ಟೆ. ಬಸ್ಸಿನ ಕುಲುಕಿಗೆ ಮತ್ತೆ ಪೂರ್ತಿ ಮುದುಡಿಕೊಂಡಿತ್ತು. ಅವ್ವ ಸಂಜೆಯೆಲ್ಲ ಕೇಳಿದ್ದೇ ಕೇಳಿದ್ದು, "ಬಂತೇನೋ? ಬಂತೇನೋ?" ಬರಲಿಲ್ಲ. ಬೆಳಿಗ್ಗೆಯೂ ಬರಲಿಲ್ಲ. ನಾನು ಕೆಲಸಕ್ಕೆ ಹೋದೆ. ಇನ್ನೂ ಎಲ್ಲೋ ತಾಮ್ರ ಉಳಿದಿದೆ, ಇದು ಹೋಯಿತು, ತೊಟ್ಟಿಯೂ ಹೋಯಿತು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು ತಂತಿ ಸುತ್ತುತ್ತಿದ್ದೆ.

ಮಧ್ಯಾಹ್ನ ಫೋನ್ ಬಂತು. ಅವ್ವ. ಕಿವಿ ಕಿತ್ತು ಹೋಗುವ ಹಾಗೆ ಕೂಗುತ್ತಿದ್ದಳು.

"ಬಾರೋ! ಬೇಗ ಬಾರೋ! ಬೆರಳು ಬಿಟ್ಟೈತೆ!"

ಅರ್ಧ ಸುತ್ತಿದ ಮೋಟಾರ್ ಅಲ್ಲೇ ಬಿಟ್ಟು ಓಡಿದೆ. ಮೋಟಾರ್ ತಂದಿದ್ದ ನನ್ನಿವಾಳ ಹಳ್ಳಿಯ ರೈತರು ಹಿಂದಿನಿಂದ, "ಲೇ, ನಮ್ ನೀರಿನ ಗತಿ ಏನಲೇ?" ಅಂತ ಕೂಗಿದರು. ತಿರುಗಿ ನೋಡಲಿಲ್ಲ.

ಕರಗಿದ ಅಂಚು ಹಾಗೇ ಇತ್ತು, ಬೋಳು. ಅದು ಬಿಟ್ಟು ಉಳಿದ ಬೆರಳೆಲ್ಲ ಹೊರಗೆ ಬಂದು ಆಡುತ್ತಿದ್ದವು. ಅವ್ವ ಗಾಜಿನ ಮುಂದೆ ನೆಲದ ಮೇಲೆ ಕೂತಿದ್ದಳು. ನಾನೂ ಕೂತೆ. ಹವಳ ಬದುಕಿತು. ಅಷ್ಟೆ. ಇನ್ನು ಹೇಳಲು ನನ್ನ ಹತ್ತಿರ ಏನೂ ಇಲ್ಲ.